ಓದದೆ ಉಳಿದ ಪುಸ್ತಕಗಳ ರಾಶಿಯನ್ನು ಸಾಲವೆಂದು ಎಣಿಸಬೇಕೇ?

ಪುಟಗುರುತು ಬರೆದಿದ್ದಾರೆ:

ನಮ್ಮ ಮನೆಯಲ್ಲಿ ಓದಿ ಮುಗಿಸಿದ ಪುಸ್ತಕಗಳಿಗಿಂತ ಓದದೆ ಉಳಿದವುಗಳ ಸಂಖ್ಯೆ ಹೆಚ್ಚಾಗಿ ಬಹಳ ಕಾಲವಾಯಿತು. ಕಪಾಟಿನಲ್ಲಿ ಒಂದರ ಹಿಂದೆ ಒಂದರಂತೆ ಎರಡು ಸಾಲು ನಿಂತಿವೆ. ಹಿಂದಿನ ಸಾಲಿನಲ್ಲಿ ಏನೇನಿದೆ ಎಂಬುದು ಮುಂದಿನ ಸಾಲನ್ನು ಇಳಿಸಿದಾಗ ಮಾತ್ರ ತಿಳಿಯುತ್ತದೆ. ಅಲ್ಲಿ ಜಾಗ ಸಿಗದವು ಮಂಚದ ಪಕ್ಕದಲ್ಲಿ ಅಡ್ಡಡ್ಡ ಪೇರಿಸಲ್ಪಟ್ಟಿವೆ. ಓದುವುದನ್ನು ನಾನು ಬಿಟ್ಟಿಲ್ಲ, ಆದರೂ ರಾಶಿ ಇಳಿಯುವುದಿಲ್ಲ. ಇತ್ತೀಚೆಗಂತೂ ಯಾವ ಪುಸ್ತಕ ಕೈಗೆತ್ತಿಕೊಂಡರೂ ಉಳಿದವನ್ನು ಕಡೆಗಣಿಸಿದಂತೆ ಅನ್ನಿಸಿ, ಕೈಯಲ್ಲಿರುವುದರ ಸುಖವೂ ಕೆಡುತ್ತಿದೆ.

ಪುಸ್ತಕ ಎಷ್ಟಿದ್ದರೂ ಒಳ್ಳೆಯದೇ ಎಂಬ ಸಮಾಧಾನದ ಮಾತು ನನಗೆ ಬೇಡ. ಕೊಳ್ಳುವುದನ್ನೇ ನಿಲ್ಲಿಸಿ ಎಂಬ ಬುದ್ಧಿವಾದವನ್ನು ಮನೆಯವರಿಂದಲೇ ಸಾಕಷ್ಟು ಕೇಳಿದ್ದೇನೆ. ಈ ರಾಶಿ ಬೆಳೆಯುವುದಕ್ಕೆ ನಿಜವಾದ ಕಾರಣವೇನು, ಅದರಲ್ಲಿ ಎಷ್ಟನ್ನು ಹಾಗೆಯೇ ಇರಗೊಡಬಹುದು, ಎಷ್ಟನ್ನು ತೀರಿಸಲೇಬೇಕು ಎಂಬುದನ್ನು ತಿಳಿದವರು ವಿಚಾರ ಮಾಡಿ ಹೇಳಬೇಕೆಂದು ಕೋರುತ್ತೇನೆ.

ಲೆಕ್ಕಿಗ ಬರೆದಿದ್ದಾರೆ:

ಕಾರಣವನ್ನು ಸ್ವಭಾವದಲ್ಲಿ ಹುಡುಕುವ ಮುನ್ನ ಅಂಕಿಗಳಲ್ಲಿ ಹುಡುಕೋಣ. ದಿನಕ್ಕೆ 20 ಪುಟ ಓದುವವರು ವರ್ಷಕ್ಕೆ 7,300 ಪುಟ ಓದುತ್ತಾರೆ. ಪುಸ್ತಕವೊಂದಕ್ಕೆ ಸರಾಸರಿ 250 ಪುಟವೆಂದು ಹಿಡಿದರೆ ಅದು 29 ಪುಸ್ತಕಗಳಷ್ಟಾಗುತ್ತದೆ. ಇದು ಒಂದು ದಿನವೂ ತಪ್ಪದ ಓದುಗರ ಲೆಕ್ಕವೆಂಬುದನ್ನು ಮರೆಯಬಾರದು. ಅದೇ ವರ್ಷದಲ್ಲಿ ಕೊಂಡದ್ದು, ಉಡುಗೊರೆಯಾಗಿ ಬಂದದ್ದು, ಸ್ನೇಹಿತರು ಬಿಟ್ಟುಹೋದದ್ದು ಎಲ್ಲ ಸೇರಿ 40 ಪುಸ್ತಕಗಳು ಮನೆಯೊಳಗೆ ಬಂದರೆ 11 ಉಳಿದುಬಿಡುತ್ತವೆ. ಹತ್ತು ವರ್ಷಕ್ಕೆ 110. ಇಲ್ಲಿ ದುಂದೂ ಇಲ್ಲ, ಸೋಮಾರಿತನವೂ ಇಲ್ಲ. ತಿಂಗಳಿಗೆ ಒಂದಕ್ಕಿಂತ ಕಡಿಮೆ ಪುಸ್ತಕದ ವ್ಯತ್ಯಾಸವೇ ಕಪಾಟನ್ನು ತುಂಬಿಸುತ್ತದೆ.

ಇನ್ನೊಂದು ಅಸಮತೋಲವೂ ಇದೆ. ಪುಟಕ್ಕೆ ಎರಡು ನಿಮಿಷವೆಂದರೆ 250 ಪುಟದ ಪುಸ್ತಕ ಎಂಟು ಗಂಟೆಗೂ ಹೆಚ್ಚು ಸಮಯ ಕೇಳುತ್ತದೆ, ಕೊಳ್ಳುವುದಕ್ಕೆ ಬೇಕಾದದ್ದು ಕೆಲವೇ ನಿಮಿಷ. ಹತ್ತು ನಿಮಿಷ ಬಿಡುವಾದಾಗ ಓದುವ ಕೆಲಸದ ಸಣ್ಣದೊಂದು ತುಣುಕು ಮಾತ್ರ ಆಗುತ್ತದೆ, ಕೊಳ್ಳುವ ಕೆಲಸವಾದರೋ ಪೂರ್ತಿಯಾಗಿ ಮುಗಿಯುತ್ತದೆ. ಸುಲಭವಾದದ್ದು ಹೆಚ್ಚು ಸಲ ನಡೆಯುವುದರಲ್ಲಿ ಆಶ್ಚರ್ಯವೇನಿದೆ?

ಇದೇ ಲೆಕ್ಕವನ್ನು ಮುಂದಕ್ಕೆ ಎಳೆದರೆ, ಇನ್ನು ಮೂವತ್ತು ವರ್ಷ ಓದುವವರು ಸುಮಾರು 870 ಪುಸ್ತಕ ಓದಬಲ್ಲರು. ಈ ಸಂಖ್ಯೆಯನ್ನು ಒಮ್ಮೆ ಬರೆದು ನೋಡಿದ ಮೇಲೆ ಎಲ್ಲವನ್ನೂ ಮುಂದೆಂದಾದರೂ ಓದುತ್ತೇನೆ ಎಂಬ ಮಾತನ್ನು ಆಡುವುದು ಕಷ್ಟವಾಗುತ್ತದೆ.

ಕಪಾಟಿನಾಚೆ ಬರೆದಿದ್ದಾರೆ:

ಲೆಕ್ಕ ಸರಿಯಿದೆ, ಆದರೆ ಅದರ ಅಡಿಯಲ್ಲಿರುವ ಊಹೆಯನ್ನು ನಾನು ಒಪ್ಪುವುದಿಲ್ಲ. ಮನೆಗೆ ಬಂದ ಪ್ರತಿಯೊಂದು ಪುಸ್ತಕವೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿಸಿಕೊಳ್ಳಲೆಂದೇ ಬಂದಿದೆ ಎಂದು ಏಕೆ ತಿಳಿಯಬೇಕು? ನಿಘಂಟನ್ನು ಯಾರೂ ಓದಿ ಮುಗಿಸುವುದಿಲ್ಲ. ಸಮಗ್ರ ಕಾವ್ಯದ ಸಂಪುಟವನ್ನು ಬೇಕಾದಾಗ ತೆರೆದು ಎರಡು ಪದ್ಯ ಓದಿ ಮುಚ್ಚುತ್ತೇವೆ, ಅದು ಹತ್ತು ವರ್ಷವಾದರೂ ಮುಗಿದಿರುವುದಿಲ್ಲ, ಹಾಗೆಂದು ಓದದ ಪುಸ್ತಕವೂ ಅಲ್ಲ.

2016ರಲ್ಲಿ ತೀರಿಕೊಂಡ ಇಟಲಿಯ ಲೇಖಕ ಉಂಬರ್ಟೊ ಎಕೊ ಅವರ ಮಿಲಾನಿನ ಮನೆಯಲ್ಲಿ ಸುಮಾರು 30,000 ಪುಸ್ತಕಗಳಿದ್ದವು. ಬಂದವರೆಲ್ಲ ಇವಿಷ್ಟನ್ನೂ ಓದಿದ್ದೀರಾ ಎಂದು ಕೇಳುವುದೇ ಅವರಿಗೊಂದು ತಮಾಷೆಯ ವಿಷಯವಾಗಿತ್ತು. ಈ ಉದಾಹರಣೆ ಸವೆದುಹೋಗಿದೆ ಎಂಬುದು ಗೊತ್ತಿದೆ. ಹಾಗಾಗಿ ಅಷ್ಟಾಗಿ ಯಾರೂ ಎತ್ತದ ಇನ್ನೊಂದನ್ನು ಮುಂದಿಡುತ್ತೇನೆ. ಕಲಾ ಇತಿಹಾಸಕಾರ ಆಬಿ ವಾರ್‌ಬರ್ಗ್ ಹ್ಯಾಂಬರ್ಗಿನಲ್ಲಿ ಕಟ್ಟಿದ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಒಳ್ಳೆಯ ನೆರೆಹೊರೆಯ ನಿಯಮದಂತೆ ಜೋಡಿಸಿದ್ದರು: ನೀವು ಹುಡುಕಿಕೊಂಡು ಬಂದ ಪುಸ್ತಕಕ್ಕಿಂತ ಅದರ ಪಕ್ಕದಲ್ಲಿ ನಿಂತಿರುವ, ನಿಮಗೆ ಹೆಸರೇ ಗೊತ್ತಿರದ ಪುಸ್ತಕವೇ ನಿಮಗೆ ಬೇಕಾದದ್ದಾಗಿರಬಹುದು ಎಂಬುದು ಅದರ ತತ್ವ. 1933ರಲ್ಲಿ ನಾಜಿಗಳ ಕಾಲದಲ್ಲಿ ಆ ಸಂಗ್ರಹ ಲಂಡನ್ನಿಗೆ ಸಾಗಿ ಇಂದಿಗೂ ಉಳಿದುಕೊಂಡಿದೆ. ಓದಿ ಮುಗಿಸಿದ ಪುಸ್ತಕಗಳನ್ನಷ್ಟೇ ಇಟ್ಟುಕೊಂಡ ಕಪಾಟಿನಲ್ಲಿ ಇಂಥ ನೆರೆ ಸಿಗುವುದಿಲ್ಲ.

ಮೆಲ್ಲೋದು ಬರೆದಿದ್ದಾರೆ:

ಎಕೊ ಅವರ ಕೆಲಸವೇ ಪುಸ್ತಕಗಳ ನಡುವೆ ಅಲೆದಾಡುವುದಾಗಿತ್ತು. ಅವರ 30,000 ಪುಸ್ತಕಗಳು ಬಡಗಿಯ ಬಳಿ ಇರುವ ಉಳಿ ಬಾಚಿಗಳಂತೆ. ಅದೇ ಸಂಖ್ಯೆಯನ್ನು ಹಿಡಿದು, ರಾತ್ರಿ ಮಲಗುವ ಮುನ್ನ ಕಾದಂಬರಿ ಓದುವ ನಾವು ನಮ್ಮ ರಾಶಿಗೆ ಸಮರ್ಥನೆ ಹುಡುಕಿದರೆ ಅದು ನೆಪವಷ್ಟೇ ಆಗುತ್ತದೆ.

ಈ ಚಿಂತೆ ಹೊಸದೂ ಅಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ತತ್ವಜ್ಞಾನಿ ಸೆನೆಕ, ಒಡೆಯನು ಜೀವಮಾನದಲ್ಲಿ ಶೀರ್ಷಿಕೆಗಳನ್ನು ಓದಿ ಮುಗಿಸುವುದೂ ಕಷ್ಟವಾಗುವಷ್ಟು ಪುಸ್ತಕಗಳಿಂದ ಪ್ರಯೋಜನವೇನೆಂದು ಕೇಳಿದ್ದ. ಅಲೆಕ್ಸಾಂಡ್ರಿಯದಲ್ಲಿ ಸುಟ್ಟುಹೋದ 40,000 ಗ್ರಂಥಗಳ ಸಂಗ್ರಹವನ್ನು ಬೇರೆಯವರು ಹೊಗಳುತ್ತಿದ್ದಾಗ, ಅವನ್ನು ಕೂಡಿಸಿದ್ದು ಓದಿಗಾಗಿ ಅಲ್ಲ, ಪ್ರದರ್ಶನಕ್ಕಾಗಿ ಎಂದು ಹೇಳುವಷ್ಟು ನಿಷ್ಠುರ ಅವನದು. ಅಷ್ಟು ಕಠಿಣ ಮಾತನ್ನು ನಾನು ಆಡಲಾರೆ, ಆದರೆ ಪ್ರಶ್ನೆ ಮಾತ್ರ ಇನ್ನೂ ಹಾಗೆಯೇ ಇದೆ.

ಅತಿರೇಕ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 1872ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಸರ್ ಥಾಮಸ್ ಫಿಲಿಪ್ಸ್ ಸಾಕ್ಷಿ. ಜಗತ್ತಿನ ಪ್ರತಿಯೊಂದು ಪುಸ್ತಕದ ಒಂದೊಂದು ಪ್ರತಿ ತನಗೆ ಬೇಕೆಂದು ಹೊರಟ ಆ ಮನುಷ್ಯ ಕೂಡಿಹಾಕಿದ ಹಸ್ತಪ್ರತಿಗಳೇ ಸುಮಾರು 60,000. ಆತ ಸತ್ತ ಮೇಲೆ ಆ ಸಂಗ್ರಹವನ್ನು ಮಾರಿ ಮುಗಿಸುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಆತನಿಂದಾಗಿ ಎಷ್ಟೋ ಅಪರೂಪದ ಪ್ರತಿಗಳು ನಾಶವಾಗದೆ ಉಳಿದವು ಎಂಬುದೂ ನಿಜ, ಆದರೆ ನಮ್ಮ ಮಂಚದ ಪಕ್ಕದ ರಾಶಿಗೆ ಆ ಪುಣ್ಯ ಸಲ್ಲುವುದಿಲ್ಲ. ನಮ್ಮಲ್ಲಿರುವವು ಬೇರೆ ಸಾವಿರಾರು ಕಡೆ ಸಿಗುವ ಪ್ರತಿಗಳು.

ನನ್ನ ಮಟ್ಟಿಗೆ ತೋರುವುದೇನೆಂದರೆ, ಪುಸ್ತಕ ಕೊಳ್ಳುವಾಗ ನಾವು ಅದನ್ನು ಓದುವಂಥ ವ್ಯಕ್ತಿಯಾಗುವ ಆಸೆಯನ್ನೂ ಜೊತೆಗೆ ಕೊಳ್ಳುತ್ತೇವೆ. ಕೊಂಡ ಕ್ಷಣದಲ್ಲಿಯೇ ಆ ಆಸೆ ಅರ್ಧ ತೀರಿಬಿಡುತ್ತದೆ. ಓದುವ ಒತ್ತಡ ಅಲ್ಲಿಗೆ ಸಡಿಲವಾಗುತ್ತದೆ.

ಕಪಾಟಿನಾಚೆ ಬರೆದಿದ್ದಾರೆ:

ನೆಪವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಬೇಡಿ. 2019ರಲ್ಲಿ ಪ್ರಕಟವಾದ, 31 ದೇಶಗಳ ಸುಮಾರು 1,60,000 ವಯಸ್ಕರ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು, ಹದಿಹರೆಯದಲ್ಲಿ ಮನೆಯಲ್ಲಿ ಎಷ್ಟು ಪುಸ್ತಕಗಳಿದ್ದವು ಎಂಬುದಕ್ಕೂ ದೊಡ್ಡವರಾದ ಮೇಲಿನ ಓದುಬರಹ ಮತ್ತು ಲೆಕ್ಕದ ಸಾಮರ್ಥ್ಯಕ್ಕೂ ಸಂಬಂಧವಿರುವುದನ್ನು ತೋರಿಸಿದೆ. ಆ ಪುಸ್ತಕಗಳನ್ನೆಲ್ಲ ಓದಿದ್ದಿರಾ ಎಂದು ಅವರನ್ನು ಕೇಳಿರಲಿಲ್ಲ, ಮನೆಯಲ್ಲಿ ಎಷ್ಟಿದ್ದವು ಎಂದಷ್ಟೇ ಕೇಳಿದ್ದರು.

ಲೆಕ್ಕಿಗ ಬರೆದಿದ್ದಾರೆ:

ಅದೇ ಅಧ್ಯಯನದ ಪ್ರಕಾರ ಸುಮಾರು 350 ಪುಸ್ತಕಗಳ ನಂತರ ಹೆಚ್ಚಿನ ಲಾಭ ಕಾಣುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ಅಲ್ಲದೆ ಸಂಬಂಧವಿದೆ ಎಂದ ಮಾತ್ರಕ್ಕೆ ಪುಸ್ತಕಗಳೇ ಕಾರಣವೆಂದಾಗುವುದಿಲ್ಲ. ಪುಸ್ತಕ ಕೂಡಿಸುವ ಮನೆಗಳಲ್ಲಿ ಓದುವ, ಚರ್ಚಿಸುವ ಹಿರಿಯರೂ ಇರುತ್ತಾರೆ.

ಗ್ರಂಥಪಾಲಕಿ ಬರೆದಿದ್ದಾರೆ:

ವಾದ ಎರಡು ಬಣಗಳಾಗುವ ಮುನ್ನ, ಈ ಕೆಲಸವನ್ನೇ ವೃತ್ತಿಯಾಗಿ ಮಾಡುವವಳಾಗಿ ಒಂದು ಮಾತು. ಓದದ ಪುಸ್ತಕಗಳನ್ನೆಲ್ಲ ಒಂದೇ ರಾಶಿಯೆಂದು ಕರೆಯುವುದರಿಂದಲೇ ಈ ಗೊಂದಲ ಹುಟ್ಟುತ್ತಿದೆ. ಎಸ್. ಆರ್. ರಂಗನಾಥನ್ 1931ರಲ್ಲಿ ಮುಂದಿಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳಿರುವುದು ಬಳಕೆಗಾಗಿ ಎನ್ನುತ್ತದೆ, ಐದನೆಯದು ಗ್ರಂಥಾಲಯವು ಬೆಳೆಯುವ ಜೀವಿ ಎನ್ನುತ್ತದೆ. ಬೆಳೆಯುವ ಜೀವಿ ಎಂಬುದನ್ನು ಹಿಗ್ಗುತ್ತಲೇ ಇರಬೇಕೆಂಬ ಪರವಾನಗಿಯಾಗಿ ಓದುವವರಿದ್ದಾರೆ. ಬದುಕಿರುವ ದೇಹ ಒಳಗೆ ತೆಗೆದುಕೊಂಡಂತೆಯೇ ಹೊರಗೂ ಹಾಕುತ್ತದೆ. ಗ್ರಂಥಾಲಯಗಳಲ್ಲಿ ಇದನ್ನು ವೀಡಿಂಗ್, ಅಂದರೆ ಕಳೆ ಕೀಳುವುದು, ಎನ್ನುತ್ತೇವೆ. 1976ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ರೂಪುಗೊಂಡ ಕ್ರೂ ಎಂಬ ಕ್ರಮ ಇದಕ್ಕೆ ಬಹಳ ಹೆಸರುವಾಸಿ. ಪುಸ್ತಕದಲ್ಲಿರುವ ಮಾಹಿತಿ ಈಗ ದಾರಿ ತಪ್ಪಿಸುವಂಥದ್ದೇ, ಅದಕ್ಕಿಂತ ಹೊಸ ಆವೃತ್ತಿ ಬಂದಿದೆಯೇ, ಇಲ್ಲಿನ ಓದುಗರಿಗೆ ಅದು ಬೇಕೇ, ಬೇರೆಡೆ ಸುಲಭವಾಗಿ ಸಿಗುತ್ತದೆಯೇ ಎಂಬಂಥ ಪ್ರಶ್ನೆಗಳನ್ನು ಅದು ಕೇಳಿಸುತ್ತದೆ. ಮನೆಯ ಕಪಾಟಿಗೂ ಇವು ಹೊಂದುತ್ತವೆ. ಕೊನೆಯ ಪ್ರಶ್ನೆಯಂತೂ ಮನೆಗೆ ಇನ್ನೂ ಹೆಚ್ಚು ಹೊಂದುತ್ತದೆ.

ನನ್ನ ಅನುಭವದಲ್ಲಿ ಓದದ ಪುಸ್ತಕಗಳಲ್ಲಿ ನಿಜವಾಗಿ ಸಾಲವೆನಿಸುವುದು ಒಂದು ಬಗೆ ಮಾತ್ರ: ಈಗಲೂ ಓದಬೇಕೆನಿಸುವ, ಆದರೆ ಸರದಿ ಬಾರದ ಪುಸ್ತಕ. ಪರಾಮರ್ಶೆಗೆಂದು ಇಟ್ಟುಕೊಂಡದ್ದು ಸಾಲವಲ್ಲ. ಕಪಾಟಿನಾಚೆ ಅವರು ಹೇಳಿದ ನೆರೆಯ ಪುಸ್ತಕವೂ ಸಾಲವಲ್ಲ. ಇನ್ನು ಹಳೆಯ ಆಸಕ್ತಿಯ ಅವಶೇಷಗಳಿರುತ್ತವೆ. ಹಿಂದೊಮ್ಮೆ ಚದುರಂಗ ಕಲಿಯಬೇಕೆಂದುಕೊಂಡಾಗ ತಂದ ನಾಲ್ಕು ಪುಸ್ತಕಗಳು, ಆ ಹಂಬಲ ಎಂದೋ ಆರಿದ್ದರೂ, ಕಪಾಟಿನಲ್ಲಿ ನಿಂತು ದಿನವೂ ಲೆಕ್ಕ ಕೇಳುತ್ತವೆ. ನಿಮ್ಮ ಬೇಸರದ ಬಹುಪಾಲು ಈ ಕೊನೆಯ ಬಗೆಯಿಂದ ಬರುತ್ತಿದೆ ಎಂದು ನನ್ನ ಊಹೆ, ಏಕೆಂದರೆ ಅವುಗಳನ್ನು ಓದುವ ಮನಸ್ಸೂ ಇರುವುದಿಲ್ಲ, ತೆಗೆಯುವ ಧೈರ್ಯವೂ ಇರುವುದಿಲ್ಲ.

ಬಗೆಗಳನ್ನು ಬೇರ್ಪಡಿಸಲು ಕುಳಿತಲ್ಲೇ ಪಟ್ಟಿ ಮಾಡಬೇಡಿ. ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಒಂದೊಂದನ್ನೂ ಕೈಯಲ್ಲಿ ಹಿಡಿದು, ಇದನ್ನು ಏಕೆ ತಂದೆ ಎಂದು ಕೇಳಿಕೊಳ್ಳಿ. ಕಾರಣ ತಕ್ಷಣ ನೆನಪಾಗಿ, ಅದು ಈಗಲೂ ಜೀವಂತವಾಗಿದ್ದರೆ ಒಂದು ಚೀಟಿಯಲ್ಲಿ ಬರೆದು ಮುಖಪುಟದ ಒಳಗೆ ಇಡಿ. ಕಾರಣವೇ ಹೊಳೆಯದಿದ್ದರೆ ಮೊದಲ ಎರಡು ಪುಟಗಳನ್ನು ನಿಂತಲ್ಲೇ ಓದಿ. ಮೂರನೆಯ ಪುಟಕ್ಕೆ ಕೈ ತಾನಾಗಿ ಹೋದರೆ ಉಳಿಸಿಕೊಳ್ಳಿ. ಪುಸ್ತಕದ ನಡುವೆ ಹಳೆಯ ಬಸ್ ಟಿಕೆಟ್ಟೋ ರಸೀದಿಯೋ ಸಿಕ್ಕರೆ ಅದು ಯಾವ ಪುಟದಲ್ಲಿದೆ ಎಂದು ನೋಡಿ. ಹದಿನೆಂಟನೆಯ ಪುಟದಲ್ಲಿ ವರ್ಷಗಟ್ಟಲೆ ನಿಂತ ಗುರುತು ಆ ಪುಸ್ತಕದ ಬಗ್ಗೆ ನಿಮಗಿಂತ ಪ್ರಾಮಾಣಿಕವಾಗಿ ಮಾತಾಡುತ್ತದೆ.

ಎರಡು ಸಾಲಿನ ವ್ಯವಸ್ಥೆಯನ್ನು ಮೊದಲು ಕೈಬಿಡಿ. ಕಣ್ಣಿಗೆ ಬೀಳದ ಪುಸ್ತಕ ಮನೆಯಲ್ಲಿದ್ದೂ ಇಲ್ಲದಂತೆಯೇ. ಹಿಂದಿನ ಸಾಲನ್ನು ಬಿಡಲಾಗದಿದ್ದರೆ ಅದರ ಕೆಳಗೆ ಒಂದು ಹಲಗೆಯ ತುಂಡಿಟ್ಟು ಎತ್ತರಿಸಿ, ಬೆನ್ನಿನ ಮೇಲಿನ ಹೆಸರಾದರೂ ಕಾಣಲಿ.

ಹಳೆಕಾಗದ ಬರೆದಿದ್ದಾರೆ:

ಪುಸ್ತಕಗಳ ರಿಪೇರಿ, ಬೈಂಡಿಂಗ್ ಕೆಲಸ ಮಾಡುವವನು ನಾನು. ಇಲ್ಲಿಯವರೆಗೆ ಎಲ್ಲರೂ ಮನಸ್ಸಿನ ಮೇಲಿನ ಭಾರದ ಬಗ್ಗೆ ಬರೆದಿದ್ದಾರೆ, ಹಲಗೆಯ ಮೇಲಿನ ಭಾರದ ಬಗ್ಗೆ ಯಾರೂ ಬರೆದಿಲ್ಲ. ಸಾಧಾರಣ ಅಳತೆಯ ಪುಸ್ತಕಗಳು ಒಂದು ಮೀಟರ್ ಉದ್ದಕ್ಕೆ 20 ಕಿಲೋ ಮೇಲೆಯೇ ತೂಗುತ್ತವೆ. ಹಲಗೆಯ ದಪ್ಪ ಮತ್ತು ಮೀಟರಿಗಿರುವ ಭಾರ ಅಷ್ಟೇ ಇದ್ದರೂ, ಆಧಾರಗಳ ನಡುವಿನ ಅಂತರವನ್ನು 60 ಸೆಂಟಿಮೀಟರಿನಿಂದ 90ಕ್ಕೆ ಏರಿಸಿದರೆ ನಡುವಿನ ಬಾಗು ಒಂದೂವರೆ ಪಟ್ಟಲ್ಲ, ಸುಮಾರು ಐದು ಪಟ್ಟು ಆಗುತ್ತದೆ, ಏಕೆಂದರೆ ಅದು ಉದ್ದದ ನಾಲ್ಕನೆಯ ಘಾತದಂತೆ ಬೆಳೆಯುತ್ತದೆ. ಪಾರ್ಟಿಕಲ್ ಬೋರ್ಡಿನ ಹಲಗೆಯಾದರೆ ಭಾರ ಇಳಿಸಿದ ಮೇಲೂ ಆ ಬಾಗು ಪೂರ್ತಿ ಮರಳುವುದಿಲ್ಲ. ಎರಡು ಸಾಲು ಪುಸ್ತಕ ನಿಲ್ಲಿಸುವವರು ಭಾರವನ್ನು ಇಮ್ಮಡಿ ಮಾಡುತ್ತಿದ್ದಾರೆ ಎಂಬುದು ನೆನಪಿರಲಿ.

ಓದದ ಪುಸ್ತಕಕ್ಕಿರುವ ದೊಡ್ಡ ಅಪಾಯ ಅದು ಅಲುಗಾಡದೆ ಇರುವುದು. ಓದುವ ಪುಸ್ತಕ ಆಗಾಗ ತೆರೆದುಕೊಂಡು ಗಾಳಿ ಕಾಣುತ್ತದೆ, ಹುಳುವಿಗೆ ನೆಮ್ಮದಿ ಕೊಡುವುದಿಲ್ಲ. ಗೋಡೆಗೆ ಒತ್ತಿ ನಿಂತ ಹಿಂದಿನ ಸಾಲಿನಲ್ಲಿ ತೇವ ನಿಂತುಬಿಡುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65ಕ್ಕಿಂತ ಮೇಲೆ ಬಹಳ ದಿನ ಉಳಿದರೆ ಬೂಷ್ಟು ಹಿಡಿಯುವುದಕ್ಕೆ ಅಷ್ಟೇ ಸಾಕು. ಸಿಲ್ವರ್‌ಫಿಶ್ ಎಂಬ ಬೆಳ್ಳಿ ಬಣ್ಣದ ಹುಳುವಿಗೂ ಇಂಥ ಜಾಗವೇ ಇಷ್ಟ. ಅದು ಗೆದ್ದಲಿನಂತೆ ಪುಸ್ತಕವನ್ನು ಕೊರೆದು ಹೋಗುವುದಿಲ್ಲ, ಬೈಂಡಿಂಗಿನ ಅಂಟಿಗೂ ಕಾಗದದ ಮೇಲಿನ ಗಂಜಿಗೂ ಆಸೆಪಟ್ಟು ಮೇಲುಪದರವನ್ನು ಕೆರೆಯುತ್ತದೆ. ರಟ್ಟಿನ ಮೇಲಿನ ಬಣ್ಣ ಅಲ್ಲಲ್ಲಿ ಅಂಕುಡೊಂಕಾಗಿ ಮಾಸಿ, ಪುಟವನ್ನು ಬೆಳಕಿಗೆ ಹಿಡಿದಾಗ ಕೆಲವು ಕಡೆ ತೆಳುವಾಗಿ ಕಂಡರೆ ಅದರ ಕೆಲಸವೆಂದು ತಿಳಿಯಿರಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಸರಿಸಿದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಮುಂದೆಂದಾದರೂ ಓದೋಣ ಎನ್ನುವವರಿಗೆ ಇನ್ನೊಂದು ವಿಷಯ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಹೆಚ್ಚಾಗಿ ಬಳಕೆಗೆ ಬಂತು. ಅಗ್ಗದ ಕಾಗದದಲ್ಲಿ ಉಳಿಯುವ ಲಿಗ್ನಿನ್ ಬೆಳಕು ತಾಗಿ ಹಳದಿಯಾಗುತ್ತದೆ, ಆಮ್ಲ ಸೇರಿ ಕಾಗದ ಪೆಡಸಾಗುತ್ತದೆ. ಅಂಚಿನಿಂದ ಒಳಕ್ಕೆ ಬಣ್ಣ ಏರುತ್ತಾ ಬಂದು, ಮೂಲೆ ಮಡಿಸಿದರೆ ಮುರಿಯುವ ಹಂತ ತಲುಪಿದ ಪುಸ್ತಕವನ್ನು ನಾನು ದಿನವೂ ನೋಡುತ್ತೇನೆ. ಅವುಗಳಲ್ಲಿ ಒಮ್ಮೆಯೂ ತೆರೆಯದವೂ ಇರುತ್ತವೆ. ಅಡ್ಡಡ್ಡ ಪೇರಿಸಿಡುವುದು ತಪ್ಪೇನಲ್ಲ, ದೊಡ್ಡ ಪುಸ್ತಕಗಳಿಗೆ ಅದೇ ಒಳ್ಳೆಯದು, ಆದರೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ.

ಪುಟಗುರುತು ಬರೆದಿದ್ದಾರೆ:

ಎಲ್ಲರಿಗೂ ಕೃತಜ್ಞತೆಗಳು. ಗ್ರಂಥಪಾಲಕಿಯವರು ಹೇಳಿದಂತೆ ಕೆಳಗಿಳಿಸಿ ನೋಡಿದೆ. ಹಳೆಯ ಆಸಕ್ತಿಯ ಅವಶೇಷಗಳೇ ಹೆಚ್ಚು ಎಂಬ ಅವರ ಊಹೆ ನನ್ನ ಮನೆಯ ಮಟ್ಟಿಗೆ ನಿಜವಾಯಿತು, ಅವುಗಳನ್ನು ಬೇರೆ ಪೆಟ್ಟಿಗೆಗೆ ಹಾಕಿದ ಮೇಲೆ ಉಳಿದ ರಾಶಿ ಹೆದರಿಸುವಷ್ಟಿಲ್ಲ. ಎರಡು ಗುಂಪುಗಳು ಮಾತ್ರ ತೀರ್ಮಾನವಾಗದೆ ಉಳಿದಿವೆ. ಒಂದು, ಕೊಟ್ಟವರು ಮೊದಲ ಪುಟದಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿರುವ ಉಡುಗೊರೆ ಪುಸ್ತಕಗಳು. ಇನ್ನೊಂದು, ನಡುವೆ ಕೈಬಿಟ್ಟವು.

ಮೆಲ್ಲೋದು ಬರೆದಿದ್ದಾರೆ:

ನಡುವೆ ಬಿಟ್ಟದ್ದಕ್ಕೆ ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ನಿಯಮ ನನಗೆ ಹಿಡಿಸಿದೆ. ಐವತ್ತು ವರ್ಷದವರೆಗೆ ಯಾವ ಪುಸ್ತಕಕ್ಕಾದರೂ 50 ಪುಟಗಳ ಅವಕಾಶ ಕೊಡಿ. ಆ ವಯಸ್ಸು ದಾಟಿದ ಮೇಲೆ ನೂರರಿಂದ ನಿಮ್ಮ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ಎಪ್ಪತ್ತರ ಹಿರಿಯರು 30 ಪುಟ ಓದಿ ನಿಶ್ಚಿಂತೆಯಿಂದ ಮುಚ್ಚಬಹುದು. ದುಡ್ಡು ಕೊಟ್ಟು ತಂದದ್ದೆಂಬ ಕಾರಣಕ್ಕೆ ಮುಗಿಸಲು ಹೋಗುವುದು, ಹೋದ ದುಡ್ಡಿನ ಜೊತೆಗೆ ಉಳಿದ ಸಮಯವನ್ನೂ ಕಳೆದುಕೊಳ್ಳುವುದೇ ಆಗಿದೆ.

ಉಡುಗೊರೆಯ ಬಗ್ಗೆ: ಕೊಟ್ಟವರು ಕೊಟ್ಟ ಸಂತೋಷವನ್ನು ಅಂದೇ ಪಡೆದಿದ್ದಾರೆ. ಸಹಿಯಿರುವ ಪುಸ್ತಕವನ್ನು ಹೊರಗೆ ಕಳಿಸಲು ಮನಸ್ಸು ಬಾರದಿದ್ದರೆ ಇಟ್ಟುಕೊಳ್ಳಿ, ಆದರೆ ಓದಬೇಕಾದವುಗಳ ಸಾಲಿನಿಂದ ತೆಗೆದು ನೆನಪಿನ ವಸ್ತುಗಳ ಜೊತೆಗೆ ಇಡಿ.

ಲೆಕ್ಕಿಗ ಬರೆದಿದ್ದಾರೆ:

ಒಳಬರುವುದರ ಬಗ್ಗೆ ಇನ್ನೂ ಯಾರೂ ಬಾಯಿಬಿಟ್ಟಿಲ್ಲ. ಒಂದು ಬಂದರೆ ಒಂದು ಹೊರಗೆ ಎಂಬ ನಿಯಮ ಕೇಳಲು ಚೆನ್ನಾಗಿದೆ, ಆದರೆ ಅದು ರಾಶಿಯನ್ನು ಈಗಿನ ಎತ್ತರದಲ್ಲಿಯೇ ನಿಲ್ಲಿಸುತ್ತದೆ, ಓದನ್ನು ಹೆಚ್ಚಿಸುವುದಿಲ್ಲ. ಅದಕ್ಕಿಂತ ತಡಮಾಡುವುದು ಫಲಕಾರಿ. ಬೇಕೆನಿಸಿದ ಪುಸ್ತಕದ ಹೆಸರನ್ನು ದಿನಾಂಕದೊಂದಿಗೆ ಬರೆದಿಟ್ಟು, ಒಂದು ತಿಂಗಳ ನಂತರವೂ ಬೇಕೆನಿಸಿದರೆ ಮಾತ್ರ ಕೊಳ್ಳಿ. ಕೆಲವೇ ಪ್ರತಿಗಳು ಅಚ್ಚಾಗುವ, ಆಮೇಲೆ ಸಿಗದಂಥ ಪುಸ್ತಕಗಳಿಗೆ ಈ ನಿಯಮದಿಂದ ವಿನಾಯಿತಿ ಇರಲಿ. ಅಂಥವು ನಾವು ಅಂದುಕೊಂಡಷ್ಟು ಇರುವುದಿಲ್ಲ. ಇ-ಪುಸ್ತಕಗಳಿಗೂ ಇದೇ ಲೆಕ್ಕ. ಹಲಗೆ ಬಾಗುವುದಿಲ್ಲವೆಂಬ ಧೈರ್ಯದಲ್ಲಿ ಅಲ್ಲಿ ಕೂಡಿಬೀಳುವ ರಾಶಿ ಇನ್ನೂ ದೊಡ್ಡದು, ಎಡವಿ ಬೀಳುವ ಭಯವಿಲ್ಲದ್ದರಿಂದ ಮನೆಯವರೂ ಕೇಳುವುದಿಲ್ಲ.

ಕಪಾಟಿನಾಚೆ ಬರೆದಿದ್ದಾರೆ:

ಇಷ್ಟೆಲ್ಲ ಶಿಸ್ತಿನ ನಡುವೆ ನನ್ನದೊಂದು ತಕರಾರು ದಾಖಲಾಗಲಿ. ಹಿಂದೆ ಪುಸ್ತಕಗಳು ಮಡಿಕೆ ಬಿಡಿಸದ ಹಾಳೆಗಳೊಂದಿಗೇ ಮಾರಾಟವಾಗುತ್ತಿದ್ದವು, ಓದುಗರು ಕಾಗದದ ಚಾಕುವಿನಿಂದ ಪುಟ ಬಿಡಿಸಿಕೊಂಡು ಓದಬೇಕಿತ್ತು. ಹಳೆಯ ಸಂಗ್ರಹಗಳಲ್ಲಿ ಹಾಗೆಯೇ ಮುಚ್ಚಿ ಉಳಿದ ಪ್ರತಿಗಳು ಈಗಲೂ ಸಿಗುತ್ತವೆ, ಮೊದಲ ಒಡೆಯ ಓದಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಆತ ಓದದೆ ಇಟ್ಟದ್ದರಿಂದಲೇ ಆ ಪ್ರತಿ ಇನ್ನೊಬ್ಬರ ಕೈಗೆ ಬಂತು. ಗ್ರಂಥಪಾಲಕಿಯವರು ರಂಗನಾಥನ್ ಅವರ ಮೊದಲ ಮತ್ತು ಕೊನೆಯ ಸೂತ್ರಗಳನ್ನು ಹೇಳಿದರು, ಮೂರನೆಯದನ್ನು ಬಿಟ್ಟರು: ಪ್ರತಿ ಪುಸ್ತಕಕ್ಕೂ ಅದರ ಓದುಗ. ಆ ಓದುಗ ನಾನೇ ಆಗಿರಬೇಕೆಂದು ಸೂತ್ರ ಹೇಳುವುದಿಲ್ಲ. ಮನೆಯ ಮಕ್ಕಳೋ ಬಂದ ಅತಿಥಿಯೋ ಆಗಬಹುದು.

ಗ್ರಂಥಪಾಲಕಿ ಬರೆದಿದ್ದಾರೆ:

ಮೂರನೆಯ ಸೂತ್ರವನ್ನು ನೆನಪಿಸಿದ್ದು ಒಳ್ಳೆಯದಾಯಿತು, ಏಕೆಂದರೆ ಪೆಟ್ಟಿಗೆಗೆ ಹಾಕಿದ ಪುಸ್ತಕಗಳ ಗತಿಯೇನೆಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಪೆಟ್ಟಿಗೆಯನ್ನು ಹೇಳದೆ ಕೇಳದೆ ಗ್ರಂಥಾಲಯದ ಬಾಗಿಲಿನಲ್ಲಿ ಇಟ್ಟು ಹೋಗಬೇಡಿ. ಹಾಗೆ ಬಂದವುಗಳಲ್ಲಿ ಹಳೆಯ ಪಠ್ಯಪುಸ್ತಕ, ಪರೀಕ್ಷೆಯ ಗೈಡು, ತಿದ್ದುಪಡಿಯಾಗಿಹೋದ ಕಾನೂನಿನ ಪುಸ್ತಕಗಳೇ ಹೆಚ್ಚಾಗಿದ್ದು, ಅವುಗಳನ್ನು ವಿಂಗಡಿಸುವುದಕ್ಕೇ ನಮ್ಮ ಸಮಯ ಹೋಗುತ್ತದೆ. ಶೀರ್ಷಿಕೆ, ಲೇಖಕರ ಹೆಸರು, ಮುದ್ರಣದ ವರ್ಷ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮೊದಲು ಕಳಿಸಿ. ಬೇಕಾದವುಗಳಿಗೆ ಗುರುತು ಹಾಕಿ ನಾವೇ ಹೇಳುತ್ತೇವೆ. ಹುಳು ಹಿಡಿದಿರಬಹುದೆಂಬ ಅನುಮಾನವಿರುವ ಪುಸ್ತಕವನ್ನು ಆ ಪಟ್ಟಿಯಲ್ಲಿ ಸೇರಿಸಲೇಬೇಡಿ, ಒಂದೇ ಪ್ರತಿಯಿಂದ ಇಡೀ ಸಾಲಿಗೆ ಹರಡುತ್ತದೆ. ಚದುರಂಗದಂಥ ವಿಷಯದ ಪುಸ್ತಕಗಳನ್ನು ಗ್ರಂಥಾಲಯಕ್ಕಿಂತ ಈಗ ಕಲಿಯುತ್ತಿರುವ ಒಬ್ಬರಿಗೆ ನೇರವಾಗಿ ಕೊಡುವುದೇ ಮೇಲು. ಕೊಡುವಾಗ ಓದಿ ಹೇಗಿತ್ತೆಂದು ಹೇಳಿ ಎಂದು ಮಾತ್ರ ಕೇಳಬೇಡಿ.